ಉಸಿರಿನ ಕಾವಲಿಗೆ ಹಲ್ಲುಜ್ಜುವ ಬ್ರಷ್
ವೃದ್ಧರ ಶುಶ್ರೂಷಾ ಕೇಂದ್ರದಲ್ಲಿ ಉಸಿರಾಟದ ಆರೈಕೆ ಎಂದರೆ ಆಕ್ಸಿಜನ್ ಸಿಲಿಂಡರ್, ನೆಬ್ಯುಲೈಜರ್ ಅಷ್ಟೇ ಎಂದುಕೊಳ್ಳುತ್ತೇವೆ. ಜಪಾನಿನ 11 ಕೇಂದ್ರಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದು ದಾರಿ ತೋರಿಸಿತು: ಪ್ರತಿ ಊಟದ ನಂತರ ಹಲ್ಲುಜ್ಜಿಸಿಕೊಂಡವರಲ್ಲಿ ನ್ಯುಮೋನಿಯಾ ಬಂದದ್ದು ಶೇ. 11 ಮಂದಿಗೆ, ಆ ಆರೈಕೆ ಸಿಗದವರಲ್ಲಿ ಶೇ. 19 ಮಂದಿಗೆ. ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದವರಲ್ಲಿ ಜೊಲ್ಲು ನಿದ್ದೆಯಲ್ಲೇ, ಒಂದು ಕೆಮ್ಮೂ ಇಲ್ಲದೆ, ಶ್ವಾಸನಾಳಕ್ಕೆ ಜಾರುತ್ತದೆ; ಬಾಯಿಯ ಬ್ಯಾಕ್ಟೀರಿಯಾವನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ ನೆಟ್ಟಗೆ ಕೂರಿಸಿ ಉಣಿಸುವುದು, ಉಂಡ ತಕ್ಷಣ ಮಲಗಿಸದಿರುವುದು, ಬಾಯಿ ಶುಚಿಯಾಗಿಡುವುದು ಇವೆಲ್ಲ ಶ್ವಾಸಕೋಶದ ಚಿಕಿತ್ಸೆಯೇ. ಹೆತ್ತವರನ್ನು ಕೇಂದ್ರಕ್ಕೆ ಸೇರಿಸುವಾಗ ಆಕ್ಸಿಜನ್ ಇದೆಯೇ ಎಂದು ಕೇಳುವ ನಾವು, ರಾತ್ರಿ ಅವರ ಬಾಯಿ ತೊಳೆಸುವವರು ಯಾರು ಎಂದೂ ಕೇಳಬೇಕು.