ಮೂಗಿನೊಳಗೆ ಬೆರಳಿಗೇನು ಕೆಲಸ?

ಮೂಗಿಗೆ ಬೆರಳು ಹಾಕುವ ಮಕ್ಕಳಿಗೆ ದೊಡ್ಡವರು ಹೇಳುವ ಮಾತು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. "ಥೂ, ತೆಗಿ ಬೆರಳು!" ಅದಕ್ಕೂ ಬಗ್ಗದಿದ್ದರೆ, "ಹೊಳ್ಳೆ ಗವಿಯಷ್ಟು ದೊಡ್ಡದಾಗುತ್ತೆ ನೋಡು" ಎಂಬ ಬೆದರಿಕೆ. ಪುಟಾಣಿಗಳೇ, ಈ ಬೆದರಿಕೆಗೆ ನೀವು ಹೆದರಬೇಕಾಗಿಲ್ಲ. ಹೊಳ್ಳೆ ಗವಿಯಾಗುವುದಿಲ್ಲ. ಆದರೆ ಒಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಯಾರೂ ನಿಮಗೆ ಹೇಳುವುದೇ ಇಲ್ಲ. ಈ ವಾರ ಅದನ್ನು ಹೇಳುತ್ತೇನೆ. ತಟ್ಟೆಯ ಪಕ್ಕದಲ್ಲಿ ಪತ್ರಿಕೆ ಇಟ್ಟುಕೊಂಡಿರುವವರು ಊಟ ಮುಗಿಸಿ ಬನ್ನಿ.

ಮೊದಲಿಗೆ ಒಂದು ಸಮಾಧಾನ. ಈ ಅಭ್ಯಾಸ ನಿಮ್ಮೊಬ್ಬರದಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯರಾಗಿದ್ದ ಚಿತ್ತರಂಜನ್ ಆಂಡ್ರೇಡ್ ಮತ್ತು ಬಿ. ಎಸ್. ಶ್ರೀಹರಿ ಅವರು ನಗರದ ನಾಲ್ಕು ಶಾಲೆಗಳ 200 ಹದಿಹರೆಯದವರನ್ನು ಈ ಬಗ್ಗೆ ಕೇಳಿ ಒಂದು ಅಧ್ಯಯನ ಮಾಡಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಬಹುತೇಕ ಎಲ್ಲರೂ "ಹೌದು, ಹಾಕುತ್ತೇವೆ" ಎಂದು ಒಪ್ಪಿಕೊಂಡಿದ್ದರು. ಬಡವರ ಮಕ್ಕಳು, ಸಿರಿವಂತರ ಮಕ್ಕಳು ಎಂಬ ಭೇದವೇ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಎಂಬುದು ನಡುವಿನ ಲೆಕ್ಕ. ನೂರಕ್ಕೆ ಏಳೆಂಟು ಮಂದಿ ದಿನಕ್ಕೆ 20ಕ್ಕಿಂತ ಹೆಚ್ಚು ಸಲ! ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ 'ಇಗ್ ನೊಬೆಲ್' ಎಂಬ ಬಹುಮಾನ ಕೊಡುತ್ತಾರೆ. ಅದೇ ವರ್ಷ ಈ ಅಧ್ಯಯನಕ್ಕೆ ಅದೂ ಬಂತು. ಪತ್ರಿಕೆಗಳಲ್ಲಿ ಓದಿದವರೆಲ್ಲ ನಕ್ಕರು. ನಾನು ಜೀವನವಿಡೀ ಅಂಕಿ ಕೂಡಿಸಿ ಕಳೆದವನು, ನನ್ನ ಕಣ್ಣು ಹೋಗಿ ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಆ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ, ಬೆರಳು ಹಾಕಿ ಆಗೊಮ್ಮೆ ಈಗೊಮ್ಮೆ ಮೂಗಿನಿಂದ ರಕ್ತ ಬರುತ್ತಿತ್ತು.

ರಕ್ತ ಏಕೆ ಬರುತ್ತದೆ? ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆಯಲ್ಲ, ಅದರ ಮುಂಭಾಗದಲ್ಲಿ, ಒಳಗೆ ಸ್ವಲ್ಪವೇ ದೂರದಲ್ಲಿ, ನಾಲ್ಕೈದು ಕಡೆಯಿಂದ ಬರುವ ರಕ್ತನಾಳಗಳು ಒಂದೆಡೆ ಕೂಡುತ್ತವೆ. ಮೆಜೆಸ್ಟಿಕ್‌ನಲ್ಲಿ ಎಲ್ಲ ಊರಿನ ಬಸ್ಸುಗಳೂ ಬಂದು ಸೇರುವ ಹಾಗೆ. ವೈದ್ಯರು ಇದಕ್ಕೆ 'ಲಿಟಲ್ಸ್ ಏರಿಯಾ' ಎನ್ನುತ್ತಾರೆ. ಪುಟ್ಟ ಜಾಗ ಎಂಬ ಅರ್ಥದಲ್ಲಿ ಅಲ್ಲ. 1879ರಲ್ಲಿ ಅದನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯರ ಹೆಸರು ಜೇಮ್ಸ್ ಲಿಟಲ್. ಮೂಗಿನಿಂದ ಹತ್ತು ಸಲ ರಕ್ತ ಬಂದರೆ ಸುಮಾರು ಒಂಬತ್ತು ಸಲ ಅದು ಬರುವುದು ಇಲ್ಲಿಂದಲೇ. ಆ ನಾಳಗಳ ಮೇಲಿರುವ ಪೊರೆ ತೀರಾ ತೆಳು. ತೋರುಬೆರಳಿನ ಉಗುರು ಹೋಗಿ ತಾಗುವುದೂ ಸರಿಯಾಗಿ ಅಲ್ಲಿಗೇ.

ಈಗ ಹಕ್ಕಳೆಯ ವಿಷಯ. ನಾವು ಉಸಿರಿನ ಜೊತೆ ಎಳೆದುಕೊಳ್ಳುವ ದೂಳು, ಹೊಗೆ, ಕ್ರಿಮಿ ಎಲ್ಲವನ್ನೂ ಸಿಂಬಳ ಅಂಟಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಅದನ್ನು ಹಿಂದಕ್ಕೆ, ಗಂಟಲಿನ ಕಡೆಗೆ ತಳ್ಳುತ್ತಲೇ ಇರುತ್ತವೆ. ಮುಂಭಾಗದಲ್ಲಿ ಉಳಿದದ್ದು ಗಾಳಿಗೆ ಒಣಗಿ ಹಕ್ಕಳೆಯಾಗುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊಣಕಾಲು ತರಚಿದಾಗ ಗಾಯದ ಮೇಲೆ ಕಟ್ಟುತ್ತದಲ್ಲ, ಅದಕ್ಕೂ ನಾವು ಹಕ್ಕಳೆ ಎಂದೇ ಅನ್ನುತ್ತೇವೆ. ಕನ್ನಡ ಎರಡಕ್ಕೂ ಒಂದೇ ಹೆಸರಿಟ್ಟಿದ್ದು ಎಷ್ಟು ಸರಿ! ಏಕೆಂದರೆ ಉಗುರು ತಾಗಿ ಪೊರೆ ಗೀರಿದ ಮೇಲೆ ಮೂಗಿನಲ್ಲಿ ಕಟ್ಟುವುದು ಬರೀ ಒಣಗಿದ ಸಿಂಬಳವಲ್ಲ, ಗಾಯದ ಹಕ್ಕಳೆ. ಅದು ಅಲ್ಲಿ ಬಿಗಿಯುತ್ತದೆ, ತುರಿಸುತ್ತದೆ. ಬೆರಳು ಮತ್ತೆ ಹೋಗುತ್ತದೆ. ಕಿತ್ತರೆ ಗಾಯ ಮತ್ತೆ ತೆರೆದುಕೊಂಡು ಮೊದಲಿಗಿಂತ ದೊಡ್ಡ ಹಕ್ಕಳೆ ಕಟ್ಟುತ್ತದೆ. ಬಡ್ಡಿ ಕಟ್ಟಲು ಸಾಲ ಮಾಡಿ, ಆ ಸಾಲಕ್ಕೆ ಮತ್ತೆ ಬಡ್ಡಿ ಬೆಳೆಯುವಂಥ ಲೆಕ್ಕ ಇದು. 'ಮೂಗು ಸ್ವಚ್ಛ ಮಾಡಿಕೊಳ್ಳುತ್ತಿದ್ದೇನೆ' ಎಂದುಕೊಂಡವನ ಮೂಗಿನಲ್ಲೇ ಹಕ್ಕಳೆ ಹೆಚ್ಚು.

ಇದನ್ನು ವರ್ಷಗಟ್ಟಲೆ ಎಳೆದರೆ? ನಡುವಿನ ಗೋಡೆಯ ಮುಂಭಾಗ ಮೂಳೆಯಲ್ಲ, ಕಿವಿಯ ಹಾಲೆಯ ಮೇಲ್ಗಡೆ ಇರುವಂಥ ಮೆತ್ತನೆಯ ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದಿಸಿದ ಪೊರೆಯಿಂದಲೇ ಅದಕ್ಕೆ ಆಹಾರ. ಎರಡೂ ಬದಿಯ ಪೊರೆ ಹಾಳಾದರೆ ಒಳಗಿನದು ಹಸಿವಿನಿಂದ ಸಾಯುತ್ತದೆ, ಗೋಡೆಗೆ ತೂತು ಬೀಳುತ್ತದೆ. ತೂತು ಸಣ್ಣದಾದರೆ ಉಸಿರಾಡುವಾಗ ಶಿಳ್ಳೆಯಂಥ ಸದ್ದು ಬರುವುದುಂಟು. ಇದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ತಾನಾಗಿ ಮುಚ್ಚಿಕೊಳ್ಳುವ ತೂತೂ ಅಲ್ಲ.

ಹೊಳ್ಳೆಯ ಬಾಯಿಯಲ್ಲಿರುವ ಕೂದಲಿನ ಬುಡಕ್ಕೆ ಉಗುರಿನ ಕೊಳೆ ಸೇರಿದರೆ ಅಲ್ಲಿ ಕುರು ಏಳುತ್ತದೆ. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಆ ಕುರುವನ್ನು ದಯವಿಟ್ಟು ಹಿಸುಕಬೇಡಿ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ಸಿರೆಗಳಿಗೆ ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿರುವ ಸಿರೆಗಳ ಜೊತೆ ಸಂಪರ್ಕವಿದೆ. ಸೋಂಕು ಆ ದಾರಿ ಹಿಡಿಯುವುದು ತೀರಾ ವಿರಳ, ಹಿಡಿದರೆ ಮಾತ್ರ ಪ್ರಾಣಾಪಾಯ. ಮೂಗು ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಇನ್ನು ಬೆರಳಿನ ಕಡೆಯ ಕಥೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸುವ ಯಂತ್ರ ಬರುವ ಮೊದಲು ನಾವು ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ಎಣಿಸುತ್ತಿದ್ದೆವು. ಮೀನಿನ ವಾಸನೆಯ ನೋಟು, ಎಣ್ಣೆ ಜಿಡ್ಡಿನ ನೋಟು, ಸೊಂಟದ ಚೀಲದಲ್ಲಿ ಬೆವರಿದ ನೋಟು. ಸಂಜೆಗೆ ಸ್ಪಂಜಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಅದೇ ಬೆರಳಲ್ಲಿ ನಶ್ಯ ಏರಿಸುವ ಮಹನೀಯರೂ ನಮ್ಮಲ್ಲಿದ್ದರು! ಬೆರಳಿನಿಂದ ಮೂಗಿಗೆ ಹೋಗುವ ಹಾಗೆಯೇ ಮೂಗಿನಿಂದ ಬೆರಳಿಗೂ ಬರುತ್ತದೆ. ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ತೆಪ್ಪಗೆ ವಾಸವಾಗಿರುತ್ತದೆ. ಮೂಗಿಗೆ ಬೆರಳು ಹಾಕುವವರಲ್ಲಿ ಅದು ಇನ್ನೂ ಹೆಚ್ಚು ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2006ರಲ್ಲಿ ತೋರಿಸಿದರು. ಅದೇ ದೇಶದಲ್ಲಿ ಕೋವಿಡ್ ಕಾಲದಲ್ಲಿ 219 ಆಸ್ಪತ್ರೆ ಸಿಬ್ಬಂದಿಯ ಲೆಕ್ಕ ತೆಗೆದಾಗ, ಬೆರಳು ಹಾಕುವವರಲ್ಲಿ ನೂರಕ್ಕೆ 17 ಮಂದಿಗೆ ಸೋಂಕು ತಗುಲಿತ್ತು, ಹಾಕದವರಲ್ಲಿ 6 ಮಂದಿಗೆ. ಒಂದೇ ಲೆಕ್ಕದ ಮೇಲೆ ಖಾತೆ ಮುಗಿಸಬಾರದು, ನಿಜ. ಆದರೂ ಗಮನಿಸುವಂಥದ್ದು.

ವಾಟ್ಸಾಪಿನಲ್ಲಿ ಓಡಾಡುವ ಇನ್ನೊಂದು ಸುದ್ದಿ ಇದೆ, ಮೂಗಿಗೆ ಬೆರಳು ಹಾಕಿದರೆ ಮರೆವಿನ ಕಾಯಿಲೆ ಬರುತ್ತದೆಂದು. 2022ರಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ ಅದರ ಮೂಲ. ಅದು ಇಲಿಗಳ ಮೇಲೆ ನಡೆದದ್ದು. ಮನುಷ್ಯರಲ್ಲಿ ಹಾಗಾಗುತ್ತದೆಂದು ಅದರಿಂದ ಸಾಬೀತಾಗಿಲ್ಲ. ಅದನ್ನು ಮುಂದಕ್ಕೆ ಕಳಿಸುವ ಕೆಲಸ ಬೇಡ.

ರಕ್ತ ಬಂದಾಗ ನಮ್ಮ ಕಡೆ ಮಾಡುವುದೇನು? ಮಗುವನ್ನು ಅಂಗಾತ ಮಲಗಿಸುವುದು, ತಲೆ ಹಿಂದಕ್ಕೆ ಬಾಗಿಸುವುದು, ನೆತ್ತಿಗೆ ತಣ್ಣೀರು ತಟ್ಟುವುದು, ಈರುಳ್ಳಿ ಮೂಸಿಸುವುದು. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ನಿಲ್ಲುವುದಿಲ್ಲ, ಕಾಣದಂತೆ ಗಂಟಲಿಗೆ ಇಳಿಯುತ್ತದೆ ಅಷ್ಟೆ. ಮಗು ಅದನ್ನು ನುಂಗಿ ವಾಂತಿ ಮಾಡಿಕೊಂಡಾಗ ಮನೆಮಂದಿಯ ಜೀವ ಬಾಯಿಗೆ ಬರುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಮೂಗಿನ ಕೆಳಗಿನ ಮೆದು ಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೇಲಿನ ಮೂಳೆಯನ್ನು ಒತ್ತಿದರೆ ಪ್ರಯೋಜನವಿಲ್ಲ. ಬಾಯಿಂದ ಉಸಿರಾಡಲಿ, ಬಾಯಿಗೆ ಬಂದದ್ದನ್ನು ಉಗುಳಲಿ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ನಡುವೆ 'ನಿಂತಿತೇ' ಎಂದು ಬಿಟ್ಟು ನೋಡಬಾರದು. ನಿಲ್ಲದಿದ್ದರೆ ಇನ್ನೂ ಹತ್ತು ನಿಮಿಷ. ಆಗಲೂ ಸುರಿಯುತ್ತಿದ್ದರೆ ಆಸ್ಪತ್ರೆಗೆ.

ಅಭ್ಯಾಸ ಬಿಡಿಸುವುದು ಹೇಗೆಂದು ಅಮ್ಮಂದಿರು ಕೇಳುತ್ತೀರಿ. ಕೈಗೆ ಹೊಡೆದರೆ ಮಗು ಬಿಡುವುದಿಲ್ಲ, ಬಾಗಿಲ ಹಿಂದೆ ಹೋಗಿ ಹಾಕುತ್ತದೆ. ಹಕ್ಕಳೆ ನೆನೆದರೆ ಬೆರಳಿಗೆ ಕೆಲಸವೇ ಇಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿ ಎರಡೆರಡು ಬಿಟ್ಟು, ಸ್ವಲ್ಪ ಹೊತ್ತು ಕಳೆದು, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಮೆಲ್ಲಗೆ ಸೀನಿಸಿ. ಸ್ನಾನವಾದ ಕೂಡಲೇ ಇನ್ನೂ ಸುಲಭ. ಉಗುರು ಕತ್ತರಿಸಿರಲಿ. ಕರವಸ್ತ್ರ ಜೇಬಿನಲ್ಲಿರಲಿ. ಟಿವಿ ಮುಂದೆಯೋ ಓದುವಾಗಲೋ ಬೆರಳು ತಾನಾಗಿ ಹೋಗುವುದಾದರೆ ಕೈಗೆ ಬೇರೆ ಏನಾದರೂ ಕೊಡಿ, ಕಡಲೆಕಾಯಿ ಸುಲಿಯುವ ಕೆಲಸವಾದರೂ ಆದೀತು. ಸದಾ ಸೀನು, ತುರಿಕೆ ಇರುವ ಮಗುವಿಗೆ ಅಲರ್ಜಿ ಇರಬಹುದು, ಅದಕ್ಕೆ ಬೈಗುಳವಲ್ಲ, ಚಿಕಿತ್ಸೆ ಬೇಕು. ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಸಿಂಬಳ ಬಂದರೆ ಒಳಗೆ ಬಟಾಣಿಯೋ ಮಣಿಯೋ ಸೇರಿಕೊಂಡಿರಬಹುದು. ಮನೆಯಲ್ಲಿ ಕೆದಕಬೇಡಿ. ಆಟಿಕೆಯ ಗುಂಡಿಯಂಥ ಬ್ಯಾಟರಿ ಒಳಗೆ ಹೋಗಿದೆಯೆಂಬ ಅನುಮಾನ ಬಂದರೆ ಬೆಳಗಿನವರೆಗೂ ಕಾಯಬೇಡಿ, ಕೆಲವೇ ಗಂಟೆಗಳಲ್ಲಿ ಅದು ಒಳಗೆಲ್ಲ ಸುಟ್ಟುಬಿಡುತ್ತದೆ.

ನನ್ನ ಓರಗೆಯವರಿಗೂ ಒಂದು ಮಾತು. ಹೃದಯಕ್ಕೆಂದು ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುವವರ ಮೂಗು ಗೀರಿದರೆ ರಕ್ತ ಬೇಗ ನಿಲ್ಲದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೊರಟಾಗ ಮಾತ್ರೆಯ ಚೀಟಿ ಜೇಬಿನಲ್ಲಿರಲಿ, ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.