ಜ್ವರ ನೋಡದೆ ಎಣ್ಣೆ ಅಳೆಯಬೇಡಿ

ನಮ್ಮ ಕಲ್ಯಾಣ-ಡೊಂಬಿವಲಿಯ ಕನ್ನಡಿಗರಲ್ಲೂ ಈಗ ಆಟೋಮ್ಯಾಟಿಕ್ ಕಾರು ಕೊಳ್ಳುವವರು ಹೆಚ್ಚಿದ್ದಾರೆ. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ಮೊಣಕಾಲು ಸವೆಸಿಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಆದರೆ ಆ ಸುಖ ಕೊಡುವ ಗೇರ್‌ಬಾಕ್ಸಿನ ಎಣ್ಣೆಯ ಕಡೆ ಯಾರೂ ನೋಡುವುದಿಲ್ಲ. ಕೇಳಿದರೆ "ಅದು ಲೈಫ್‌ಟೈಮ್ ಎಣ್ಣೆ" ಎನ್ನುತ್ತಾರೆ. ಯಾರ ಲೈಫು ಸ್ವಾಮಿ? ಗೇರ್‌ಬಾಕ್ಸ್ ಕೆಟ್ಟರೆ ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತದೆ.

ನಾನು ಹೇಳುವುದು ಇಷ್ಟೇ. ಮಟ್ಟ ನೋಡುವ ಮೊದಲು ಬಿಸಿ ನೋಡಿ.

ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಹಾಗಾಗಿ ಶಾಖ ಹೇಳದೆ ಮಟ್ಟ ಹೇಳಿದರೆ ಅರ್ಥವಿಲ್ಲ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಗೇರು ಜಾರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ. ಎರಡೂ ಕೇಡೇ.

ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಮನೆಯಲ್ಲೇ ನೋಡಬಹುದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಆಮೇಲಿನ ಕ್ರಮ ಕಂಪನಿಗೊಂದು. ಹಳೆಯ ಟೊಯೋಟಾಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಗೇರು 'ಪಿ'ಯಲ್ಲಿಟ್ಟು ನೋಡಬೇಕು. ಹಳೆಯ ಹೋಂಡಾಗಳಲ್ಲಿ ಎಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಒಂದರ ನಿಯಮ ಇನ್ನೊಂದಕ್ಕೆ ಹಾಕಿದರೆ ಲೆಕ್ಕ ತಪ್ಪಿತು. ಬಣ್ಣವನ್ನೂ ಗಮನಿಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಬೆಂದಿದೆ. ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ. 2005ರ ಜುಲೈ 26ರಂದು ಉಲ್ಹಾಸ್ ನದಿ ಉಕ್ಕಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆನೀರಲ್ಲಿ ನಿಂತ ಗಾಡಿಯನ್ನು ನೋಡದೆ ಓಡಿಸಬೇಡಿ.

ಈಗಿನ ಬಹಳಷ್ಟು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಕೆಳಗೊಂದು ಪ್ಲಗ್ ಇರುತ್ತದೆ. ಕಂಪನಿ ಹೇಳಿದ ಶಾಖದಲ್ಲಿ, ಹಲವು ಗಾಡಿಗಳಲ್ಲಿ ಅದು 40 ಡಿಗ್ರಿಯ ಆಸುಪಾಸು, ಎಂಜಿನ್ ಓಡುತ್ತಿರುವಾಗ ಪ್ಲಗ್ ಬಿಚ್ಚಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಮಟ್ಟ ಸರಿ. ನಮ್ಮೂರಿನ ಕಷ್ಟ ಇರುವುದು ಇಲ್ಲೇ. ಮೇ ತಿಂಗಳಲ್ಲಿ ಕಲ್ಯಾಣದ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಓಡಿ ಬಂದ ಗಾಡಿಯ ಪ್ಲಗ್ ಬಿಚ್ಚಿದರೆ ಹಿಗ್ಗಿದ ಎಣ್ಣೆ ಧಾರಾಳವಾಗಿ ಸುರಿಯುತ್ತದೆ. ಮಿಸ್ತ್ರಿ "ಫುಲ್ ಇದೆ" ಎಂದು ಮುಚ್ಚುತ್ತಾನೆ. ರಾತ್ರಿ ತಣಿದ ಮೇಲೆ ಒಳಗೆ ಎಣ್ಣೆ ಕಡಿಮೆಯೇ. ಅದಕ್ಕೇ ಗಾಡಿಯನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಡಿ, ಬೆಳಿಗ್ಗೆ ಮೊದಲ ಕೆಲಸವಾಗಿ ಮಾಡಿಸಿ, ಸ್ಕ್ಯಾನರಿನಲ್ಲಿ ಶಾಖ ತೋರಿಸಲು ಹೇಳಿ.

ಪ್ಲಗ್ ಬಿಚ್ಚುವ ಕೆಲಸ ಸೊಸೈಟಿಯ ಇಳಿಜಾರು ಪಾರ್ಕಿಂಗಿನಲ್ಲಿ ಬೇಡ. ಜ್ಯಾಕಿನ ಮೇಲಿನ ಗಾಡಿಯಡಿ ತೂರುವುದು ಪ್ರಾಣಕ್ಕೇ ಅಪಾಯ. ಮನೆಯಲ್ಲಿ ನೆಲದ ಮೇಲೆ ಎಣ್ಣೆ ಹನಿ ಇದೆಯೇ ನೋಡಿ. ನಿಮ್ಮ ಗಾಡಿ ಒಪ್ಪಿದರೆ ಸಣ್ಣ ಬ್ಲೂಟೂತ್ ಸ್ಕ್ಯಾನರಿನಿಂದ ಮೊಬೈಲಿನಲ್ಲೇ ಶಾಖ ನೋಡಬಹುದು. 80-95 ಡಿಗ್ರಿ ಸಾಮಾನ್ಯ. ಟ್ರಾಫಿಕ್ಕಿನಲ್ಲೋ ಘಾಟಿಯಲ್ಲೋ 120 ದಾಟಿದರೆ ಬದಿಗೆ ನಿಲ್ಲಿಸಿ, 'ಪಿ'ಗೆ ಹಾಕಿ, ತಣಿಯಲು ಬಿಡಿ.

ಅಂದಹಾಗೆ, 2014ರ ಸೆಲೆರಿಯೊದಿಂದ ಮನೆಮಾತಾದ ಎಎಂಟಿಗೆ ಈ ಮಾತು ಅನ್ವಯಿಸದು. ಅದು ಸಾದಾ ಗೇರ್‌ಬಾಕ್ಸೇ, ಕ್ಲಚ್ಚು ಒತ್ತುವುದನ್ನೂ ಗೇರು ಬದಲಿಸುವುದನ್ನೂ ಯಂತ್ರ ಮಾಡುತ್ತದೆ. ಸಿವಿಟಿಗೂ ಬೇರೆಯದೇ ಎಣ್ಣೆ.

ನಿಮ್ಮದು ಯಾವುದು? ಗಣಪತಿ ಹಬ್ಬಕ್ಕೆ ಊರಿಗೆ ಹೊರಡುವ ಮೊದಲು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುವ ಕೈಪಿಡಿ ತೆಗೆದು ನೋಡಿಬಿಡಿ.