ಅರ್ಧ ಹೆಸರಿನ ಕೊಟೇಶನ್ನು

ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಅಂಗಡಿಯವರು ಕೊಡುವ ಕೊಟೇಶನ್ನಿನಲ್ಲಿ ಪ್ರತಿಯೊಂದು ಭಾಗದ ಪೂರ್ತಿ ಹೆಸರು ಬರೆಸಿಕೊಳ್ಳಿ. ಯಾವ ಪ್ರೊಸೆಸರ್ ಒಳ್ಳೇದು, ಯಾವ ಕಾರ್ಡು ಒಳ್ಳೇದು ಅನ್ನೋದೆಲ್ಲ ಆಮೇಲಿನ ಮಾತು. ಪೂರ್ತಿ ಹೆಸರು ಸಿಕ್ಕರೆ ಉಳಿದದ್ದನ್ನು ಗೂಗಲ್ಲಿನಲ್ಲಿ ಹುಡುಕಿ ಹತ್ತು ನಿಮಿಷದಲ್ಲಿ ತಿಳ್ಕೋಬಹುದು. ಅರ್ಧ ಹೆಸರು ಇದ್ದರೆ ಆ ಬ್ರಹ್ಮನಿಗೂ ಗೊತ್ತಾಗಲ್ಲ.

ಇದನ್ನ ಬರೆಯೋಕೆ ಕಾರಣ ಇದೆ. 2025ರ ಮಳೆಗಾಲದಲ್ಲಿ ದಾವಣಗೆರೆಯಿಂದ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಕೊಟೇಶನ್ ಕಳಿಸಿದ. "ಮಾಮ, ಇದು ಓಕೆನಾ?" ಅಂತ. ಅದರಲ್ಲಿ ಇದ್ದದ್ದು ಇಷ್ಟು: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್, 22 ಇಂಚಿನ ಮಾನಿಟರ್. ಎಲ್ಲಾ ಸೇರಿ 28,000 ರೂಪಾಯಿ. ಚೀಟಿ ಎತ್ತಿ 50 ಸಾವಿರ ತೆಗೆದಿಟ್ಟಿದ್ದ ಭಾವ ಫೋನಿನಲ್ಲಿ ಖುಷಿಯಾಗಿದ್ದರು. ಉಳಿದ ದುಡ್ಡಿನಲ್ಲಿ ಮನೆಗೆ ಸುಣ್ಣ ಬಣ್ಣ ಮಾಡಿಸುವ ಯೋಚನೆ ಅವರದು.

ನೋಡಿದರೆ ಯಾವುದರಲ್ಲೂ ಸುಳ್ಳಿಲ್ಲ. ಅಷ್ಟೂ ಸಾಮಾನು ಆ ಪೆಟ್ಟಿಗೆಯಲ್ಲಿ ಇರುತ್ತೆ. ಆದರೆ ಒಂದಕ್ಕೂ ಪೂರ್ತಿ ಹೆಸರಿಲ್ಲ. "ಐ7 ಅಂದ್ರೆ ಯಾವ ಐ7 ಅಂತ ಕೇಳಪ್ಪ, ಕಾರ್ಡಿನ ನಂಬರೂ ಕೇಳು" ಅಂದೆ. ಎರಡು ದಿನ ಸತಾಯಿಸಿದ ಮೇಲೆ ಉತ್ತರ ಬಂತು: ಐ7-3770 ಮತ್ತು ಜಿಟಿ 730.

ಐ7-3770 ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಆ ಹುಡುಗ ಆಗ ಅಂಗನವಾಡಿಗೆ ಹೋಗುತ್ತಿದ್ದ! ಇಂಟೆಲ್ ಅದನ್ನು ತಯಾರಿಸುವುದು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಈಗ ಸಿಗುವವು ಹಳೇ ಆಫೀಸು ಕಂಪ್ಯೂಟರುಗಳಿಂದ ಬಿಚ್ಚಿದವು, ಅದಕ್ಕೊಂದು ಅಗ್ಗದ ಹೊಸ ಬೋರ್ಡು ಜೋಡಿಸಿರುತ್ತಾರೆ. ರ‍್ಯಾಮ್ 16 ಜಿಬಿ ನಿಜ, ಆದರೆ ಹಳೇ ಡಿಡಿಆರ್3. ಅಂದರೆ ನಾಳೆ ಹೊಸ ಬೋರ್ಡಿಗೆ ಹಾಕೋಣ ಅಂದರೆ ಕೂರಲ್ಲ.

ಆಗ ಒಳ್ಳೇ ಪ್ರೊಸೆಸರೇ, ಇಲ್ಲ ಅನ್ನಲ್ಲ. 4 ಕೋರು, 8 ಥ್ರೆಡ್ಡು. ತಮಾಷೆ ಏನೆಂದರೆ 2022ರ ಜನವರಿಯಲ್ಲಿ ಬಂದ ಐ3-12100ಎಫ್‌ಗೂ 4 ಕೋರು, 8 ಥ್ರೆಡ್ಡು. ಎಣಿಸಿದರೆ ಎರಡೂ ಒಂದೇ, ನಡುವೆ ಹತ್ತು ವರ್ಷ. ಐ3 ಅದನ್ನು ಎಲ್ಲೋ ಹಿಂದೆ ಬಿಟ್ಟು ಓಡುತ್ತೆ. ಆದರೆ ಅಂಗಡಿ ಮುಂದೆ ನಿಂತ ಅಪ್ಪನಿಗೆ ಏಳು ಮೂರಕ್ಕಿಂತ ದೊಡ್ಡದು. ಆ ಲೆಕ್ಕದ ಮೇಲೇ ಈ ವ್ಯಾಪಾರ ನಡೀತಿರೋದು.

ಇನ್ನೂ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಕೆಲವು ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ಪೀಳಿಗೆ ಅಥವಾ ಮುಂದಿನದು ಬೇಕು, ಜೊತೆಗೆ ಟಿಪಿಎಂ 2.0 ಬೇಕು. ನಮ್ಮ ಹುಡುಗ ಆಡೋದು ಮುಖ್ಯವಾಗಿ ವ್ಯಾಲರಂಟ್. ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಇಲ್ಲದಿದ್ದರೆ ಆ ಆಟ ಶುರುವಾಗೋದೇ ಇಲ್ಲ. ಯಾವ ಕಂಪ್ಯೂಟರು ಹೊಸ ವಿಂಡೋಸಿಗೆ ಆಗಿಬರೋದಿಲ್ಲವೋ, ಯಾವುದರಲ್ಲಿ ಮುಂದೆ ಅವನ ಆಟವೇ ನಡೆಯೋದಿಲ್ಲವೋ, ಅದಕ್ಕೆ 28 ಸಾವಿರ.

ಜಿಟಿ 730 ಕಥೆ ಇನ್ನೂ ಸೊಗಸು. 2014ರ ಕಾರ್ಡು. ಆಗಲೂ ಅದು ಮಾನಿಟರಿಗೆ ಚಿತ್ರ ಕಳಿಸಲು ಇದ್ದದ್ದೇ ಹೊರತು ಆಟಕ್ಕಲ್ಲ. ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡೋದನ್ನು ಎನ್ವಿಡಿಯಾ 2021ರಲ್ಲೇ ನಿಲ್ಲಿಸಿತು. ಆದರೂ "4 ಜಿಬಿ" ಅಂತ ಬರೆದರೆ ಮಾರಾಟವಾಗುತ್ತೆ. ಗ್ರಾಫಿಕ್ಸ್ ಕಾರ್ಡನ್ನು ಜಿಬಿ ಲೆಕ್ಕದಲ್ಲಿ ಕೊಳ್ಳೋದು ಅಂದರೆ ಎತ್ತನ್ನು ಕೊಂಬಿನ ಉದ್ದ ನೋಡಿ ಕೊಂಡ ಹಾಗೆ.

ಹಾಗಂತ ಅರ್ಧ ಹೆಸರಿನ ಆಟ ಬರೀ ಹಳೇ ಸಾಮಾನಿನಲ್ಲಿ ಮಾತ್ರ ಅಂದುಕೋಬೇಡಿ. ಕಂಪನಿಗಳೇ ಆಡ್ತವೆ. ಆರ್‌ಟಿಎಕ್ಸ್ 3050 ಅಂತ ಎರಡು ಕಾರ್ಡಿದೆ. 2022ರ 8 ಜಿಬಿ ಕಾರ್ಡಿನಲ್ಲಿ 2560 ಕೋರು, 128 ಬಿಟ್ ದಾರಿ. 2024ರಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304 ಕೋರು, 96 ಬಿಟ್. ಡಬ್ಬದ ಮೇಲಿನ ಹೆಸರು ಅದೇ 3050. ಕಮ್ಮಿಯಾದದ್ದು 2 ಜಿಬಿ ಮಾತ್ರ ಅಂತ ತಾನೇ ಯಾರಾದರೂ ತಿಳ್ಕೊಳ್ಳೋದು? (6 ಜಿಬಿಯದಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಬೇಡ, ಬೋರ್ಡಿನಿಂದ ಬರುವ ಕರೆಂಟೇ ಸಾಕು. ಹಳೇ ಬ್ರಾಂಡೆಡ್ ಕಂಪ್ಯೂಟರಿಗೆ ಕಾರ್ಡು ಹಾಕುವವರಿಗೆ ಅದು ಉಪಕಾರವೇ. ಆದರೆ ಹೆಸರು ಬೇರೆ ಇಡಬಹುದಿತ್ತಲ್ಲ ಸ್ವಾಮಿ.)

ಎಎಂಡಿ ಏನೂ ಸಾಚಾ ಅಲ್ಲ. ರೈಜನ್ 5 5600 ಬೇರೆ, 5600ಜಿ ಬೇರೆ. ಜಿ ಇದ್ದರೆ ಒಳಗೇ ಗ್ರಾಫಿಕ್ಸ್ ಇರುತ್ತೆ, ಆದರೆ ಎಲ್3 ಕ್ಯಾಶ್ 32ರ ಬದಲು 16 ಎಂಬಿ. ಬೇರೆ ಕಾರ್ಡು ಹಾಕುವವರಿಗೆ ಜಿ ಇಲ್ಲದ್ದೇ ವಾಸಿ. ಈಗ ಕಾರ್ಡಿಗೆ ದುಡ್ಡಿಲ್ಲ, ವರ್ಷ ಬಿಟ್ಟು ನೋಡೋಣ ಅನ್ನುವವರಿಗೆ ಜಿ ಇರೋದು. ಇಂಟೆಲ್‌ನ ಎಫ್ ಇದಕ್ಕೆ ಉಲ್ಟಾ. ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡು ಹಾಕದಿದ್ದರೆ ಪರದೆ ಕಪ್ಪು. ಒಂದಕ್ಷರಕ್ಕೆ ಇಷ್ಟು ತೂಕ. ಅಂಗಡಿಯ ಚೀಟಿಯಲ್ಲಿ ಮೊದಲು ಬಿಟ್ಟುಹೋಗೋದೂ ಆ ಅಕ್ಷರವೇ.

ಈಗ ನನಗೆ ಬಹಳ ಸಿಟ್ಟಿರುವ ವಿಷಯಕ್ಕೆ ಬರ್ತೀನಿ. ಎಸ್‌ಎಂಪಿಎಸ್. ಕೊಟೇಶನ್ನುಗಳಲ್ಲಿ ಇದಕ್ಕೆ ಹೆಸರೇ ಇರಲ್ಲ, ಬರೀ "450 ವ್ಯಾಟ್". ಕೆಲವು ಕಡೆ ಕ್ಯಾಬಿನೆಟ್ ಜೊತೆ ಫ್ರೀ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಾಗಿ ಇಳಿಸಿ ಎಲ್ಲ ಭಾಗಕ್ಕೂ ಹಂಚುವುದು ಇದೇ ಡಬ್ಬ. ಅದು ಕೆಡುವಾಗ ಒಂದೇ ಕೆಡುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರ್ಕೊಂಡು ಹೋಗಬಹುದು. 20 ಸಾವಿರದ ಕಾರ್ಡಿಗೆ ಆರುನೂರು ರೂಪಾಯಿ ಡಬ್ಬದಿಂದ ಕರೆಂಟು ಕೊಡೋದು ಯಾವ ಉಳಿತಾಯ?

ಇದನ್ನು ಅಂಗಡಿಯಲ್ಲೇ ನೋಡಿ ಹೇಳಬಹುದು. ಡಬ್ಬದ ಪಕ್ಕದಲ್ಲಿ ಒಂದು ಲೇಬಲ್ ಇರುತ್ತೆ. ಅದರಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ. ಅದನ್ನು 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 216 ವ್ಯಾಟ್, ಅಷ್ಟೇ. ಈಗಿನ ಪ್ರೊಸೆಸರ್ ಮತ್ತು ಕಾರ್ಡುಗಳು ಹೆಚ್ಚುಕಮ್ಮಿ ಎಲ್ಲವನ್ನೂ ಈ 12 ವೋಲ್ಟಿನಿಂದಲೇ ಎಳೆಯೋದು. ಮೇಲೆ ದಪ್ಪಕ್ಷರದಲ್ಲಿ 450 ಅಂತ ಬರೆದು ಕೆಳಗೆ 12 ವೋಲ್ಟಿಗೆ 216 ಬಂದರೆ ಉಳಿದ ವ್ಯಾಟುಗಳು ಕಾಗದದ ಮೇಲಿನವು. ಒಳ್ಳೇ 550 ವ್ಯಾಟಿನ ಡಬ್ಬದಲ್ಲಿ ಈ ಗುಣಾಕಾರ 550ರ ಹತ್ತಿರ ಹತ್ತಿರ ಬರುತ್ತೆ. 80 ಪ್ಲಸ್ ಅಂತ ಮುದ್ರೆ ಇದ್ದರೆ ಒಳ್ಳೆಯದು, ಆದರೆ ಅದು ಹೇಳೋದು ಕರೆಂಟು ಎಷ್ಟು ಪೋಲಾಗುತ್ತೆ ಅನ್ನೋದನ್ನ ಮಾತ್ರ. ಒಳಗಿನ ಸಾಮಾನು ಎಂಥದ್ದು ಅನ್ನೋದಕ್ಕೆ ಮಾಡೆಲ್ ಹೆಸರು ಹುಡುಕಿ ಓದಬೇಕು. ವಾರಂಟಿ ಎಷ್ಟು ವರ್ಷ ಕೊಡ್ತಾರೆ ಅನ್ನೋದೂ ಒಂದು ಸುಳಿವು.

ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಇಡಬೇಕು? ನನ್ನ ಲೆಕ್ಕ, ಮಾನಿಟರ್ ಬಿಟ್ಟು ಉಳಿದ ದುಡ್ಡಿನಲ್ಲಿ ನೂರಕ್ಕೆ 40. ಬೇರೆಯವರು ಬೇರೆ ಹೇಳಬಹುದು. ಆದರೆ ಕಾರ್ಡಿಗಿಂತ ಪ್ರೊಸೆಸರಿಗೆ ಹೆಚ್ಚು ದುಡ್ಡು ಹೋಗುತ್ತಿದ್ದರೆ ಅದು ಗೇಮಿಂಗ್ ಕಂಪ್ಯೂಟರ್ ಅಲ್ಲ. ಮಾನಿಟರ್ ಯಾವುದು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ. 60 ಹರ್ಟ್ಸ್ ಮಾನಿಟರು ಸೆಕೆಂಡಿಗೆ ತೋರಿಸೋದೇ 60 ಚಿತ್ರ. ಒಳಗೆ ಕಾರ್ಡು 200 ತಯಾರಿಸಿದರೂ ಹೆಚ್ಚಿನದು ಕಣ್ಣಿಗೆ ಕಾಣಲ್ಲ. ಮನೆಯ 32 ಇಂಚಿನ ಟಿವಿಗೇ ಹಾಕ್ತೀನಿ ಅನ್ನುವವರು ಅದು ಫುಲ್ ಎಚ್‌ಡಿನಾ, ಎಚ್‌ಡಿ ರೆಡಿನಾ ನೋಡಿಕೊಳ್ಳಿ. ಅಲ್ಲೂ ಅರ್ಧ ಹೆಸರೇ!

ನಮ್ಮ ಹುಡುಗನಿಗೆ ಕೊನೆಗೆ ಜೋಡಿಸಿದ್ದು ಹೀಗೆ: ರೈಜನ್ 5 5600, ಬಿ450 ಬೋರ್ಡು, 8ರ ಎರಡು ಕಡ್ಡಿ ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 8 ಜಿಬಿಯ ಆರ್‌ಎಕ್ಸ್ 6600, 550 ವ್ಯಾಟಿನ ಹೆಸರುಳ್ಳ ಎಸ್‌ಎಂಪಿಎಸ್, ದೀಪವಿಲ್ಲದ ಕರೀ ಕ್ಯಾಬಿನೆಟ್. ಮಾನಿಟರು ಭಾವನ ಅಂಗಡಿಯಲ್ಲಿ ಬಿಲ್ಲಿಂಗಿಗೆ ಇಟ್ಟಿದ್ದ ಹಳೇ ಫುಲ್ ಎಚ್‌ಡಿ. 50 ಸಾವಿರದೊಳಗೆ ಮುಗಿಯಿತು. ಸುಣ್ಣ ಬಣ್ಣ ಮುಂದಕ್ಕೆ ಹೋಯಿತು, ಅಕ್ಕ ಇನ್ನೂ ಅದನ್ನೇ ಹೇಳ್ತಾಳೆ :-) ಹುಡುಗನಿಗೆ ದೀಪ ಇಲ್ಲ ಅಂತ ಎರಡು ದಿನ ಮುಖ ಸಣ್ಣದಾಗಿತ್ತು. ಆರ್‌ಎಕ್ಸ್ 6600 ಯಾಕೆ ಅಂದರೆ ಎಳೆಯೋದು 132 ವ್ಯಾಟ್ ಮಾತ್ರ, ಮತ್ತು ಅದರಲ್ಲಿ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇದೆ. ಅದು ಶೋಕಿಗಲ್ಲ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್ ಇವೆಲ್ಲ ಅದಿಲ್ಲದಿದ್ದರೆ ಓಡಲ್ಲ. ಹಾಗಾಗಿ "8 ಜಿಬಿ ಇದೆ, ಅಗ್ಗ" ಅಂತ 2017ರ ಆರ್‌ಎಕ್ಸ್ 580 ತೋರಿಸಿದರೆ ವ್ಯಾಲರಂಟ್, ಜಿಟಿಎ 5 ಮಟ್ಟಿಗೆ ಸರಿ, ಮುಂದಕ್ಕಲ್ಲ.

ರ‍್ಯಾಮ್ ಬಗ್ಗೆ ಒಂದು ಮಾತು. 16ರ ಒಂದು ಕಡ್ಡಿಗಿಂತ 8ರ ಎರಡು ವಾಸಿ, ಎರಡು ದಾರಿಯಲ್ಲಿ ಒಟ್ಟಿಗೆ ಓಡುತ್ತೆ. ಜಿ ಪ್ರೊಸೆಸರಿನಲ್ಲಂತೂ ಆಟದ ವೇಗಕ್ಕೆ ಇದು ಬಹಳ ಮುಖ್ಯ, ಗ್ರಾಫಿಕ್ಸೂ ಅದೇ ರ‍್ಯಾಮ್ ಬಳಸೋದು. 3200ರ ರ‍್ಯಾಮ್ ಹಾಕಿದರೂ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ನಿಧಾನವಾಗೇ ಓಡುತ್ತಿರುತ್ತೆ. ನಮ್ಮ ಅದೃಷ್ಟಕ್ಕೆ ಆಗಲೇ ಕೊಂಡಿದ್ದೆವು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೆಮೊರಿ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡುತ್ತೇನೆ ಅಂತ ಘೋಷಿಸಿತು. ಮನೆಯಲ್ಲಿ ಹಳೇ ಡಿಡಿಆರ್4 ಕಡ್ಡಿ ಇದ್ದವರು ಗುಜರಿಗೆ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ನನ್ನ ವಿರೋಧವೇನಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಎಷ್ಟೋ ಕಾರ್ಡುಗಳು ಬಜಾರಿಗೆ ಬಂದವು, ಅದು ತಲೆಯಲ್ಲಿರಲಿ. ಮೂಲ ಬಿಲ್ಲು, ಅದರಲ್ಲಿ ಕಾರ್ಡಿನ ಮೇಲಿರುವ ಅದೇ ಸೀರಿಯಲ್ ನಂಬರು, ಕಣ್ಣೆದುರಿಗೆ ಇಪ್ಪತ್ತು ನಿಮಿಷ ಆಟ ಓಡಿಸಿ ತೋರಿಸೋದು. ಮೂರರಲ್ಲಿ ಒಂದಿಲ್ಲದಿದ್ದರೂ ಎದ್ದು ಬನ್ನಿ. ಹೊಸದಕ್ಕೂ ಅಷ್ಟೇ, "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್" ಅಂದರೆ ಅವರು ಕಮ್ಮಿ ಮಾಡ್ತಿರೋದು ನಿಮ್ಮ ವಾರಂಟಿಯನ್ನ.

ಅಂಗಡಿಯವರನ್ನೇ ಬೈಯೋದು ಸರಿಯಲ್ಲ ಅಂತಲೂ ಅನ್ನಿಸುತ್ತೆ. ಎಸ್.ಪಿ. ರೋಡಿನಲ್ಲಿ ಅರ್ಧ ದಿನ ನಿಂತು ನೋಡಿ. ಬರುವವರು ಕೇಳೋದೇ "ಐ7 ಇದ್ಯಾ? ಲೈಟ್ ಇದ್ಯಾ? ಎಷ್ಟಕ್ಕೆ ಬಿಡ್ತೀರ?" ಅಂತ. ಸರಿಯಾದ ಭಾಗ ಹಾಕಿ ಪ್ರಾಮಾಣಿಕವಾಗಿ ಬರೆದುಕೊಟ್ಟವನ ಕೊಟೇಶನ್ನು ಪಕ್ಕದ ಅಂಗಡಿಯದಕ್ಕಿಂತ ಹತ್ತು ಸಾವಿರ ಹೆಚ್ಚು ಕಾಣುತ್ತೆ. ಅವನು ಎಷ್ಟು ದಿನ ಹಾಗೆ ಬರೆದುಕೊಟ್ಟಾನು? ಆದರೆ ಪೂರ್ತಿ ಹೆಸರು ಕೇಳಿದಾಗ ಮುಖ ಗಂಟು ಹಾಕಿಕೊಳ್ಳೋದಿದೆಯಲ್ಲ, ಅದಕ್ಕೆ ಮಾತ್ರ ಸಮರ್ಥನೆ ಇಲ್ಲ.

ಅಂದ ಹಾಗೆ, ಎಲ್ಲ ತಂದು ಜೋಡಿಸಿದ ಮೇಲೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅಂಗಡಿಗೆ ಓಡುವ ಮೊದಲು ಮನೆಯ ಪ್ಲಗ್ಗಿನ ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸ್ವಲ್ಪ ಕರೆಂಟು ಅರ್ಥಿಗೆ ಹೋಗೋದು ಅದರ ಸ್ವಭಾವ, ಅರ್ಥಿಂಗೇ ಇಲ್ಲದಿದ್ದರೆ ಅದು ನಿಮ್ಮ ಮೂಲಕ ಹೋಗುತ್ತೆ. ದಾವಣಗೆರೆಯಲ್ಲಿ ಆಗಿದ್ದೂ ಅದೇ, ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಿದ. ಯುಪಿಎಸ್ 600 ವಿಎ ಅಂತಿದ್ದರೆ ಸಾಮಾನ್ಯವಾಗಿ 360 ವ್ಯಾಟ್. ಕರೆಂಟು ಹೋದಾಗ ಆಟ ಮುಚ್ಚಿ ಆರಿಸಲು ಸಾಕು, ಮುಂದುವರಿಸಲು ಅಲ್ಲ.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ಕೇಳದೆಯೇ ಪೂರ್ತಿ ಮಾಡೆಲ್ ನಂಬರು ಬರೆದುಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಕಮೆಂಟಿನಲ್ಲಿ ತಿಳಿಸಿ. ನನ್ನನ್ನು ಕೇಳುವವರು ಇನ್ನೂ ಮೂವರು ಕ್ಯೂನಲ್ಲಿದ್ದಾರೆ.